ಪಿತ್ತದ ಬಣ್ಣ

ಜನವರಿ ೮

ಗುಬ್ಬೀ,

ನಿನ್ನ ಪತ್ರ ಬಂತು. ಕಿಟಕಿ ಪರದೆಗೆ "ಒಂಥರಾ ತಿಳಿ ನೀಲಿ" ಬೇಕು ಅಂತ ಬರೆದಿದ್ದೀಯ. ಒಂಥರಾ ಅಂದರೆ ಯಾವ ಥರ? ಬಟ್ಟೆಗೆ ಬಣ್ಣ ಹಾಕುವವಳ ಮಗಳು, ಬಣ್ಣ ಹಾಕುವವಳ ತಂಗಿ, ಇಷ್ಟೂ ಗೊತ್ತಾಗಬೇಡವಾ? ಮೂರು ನೀಲಿ ತುಂಡು ಇಟ್ಟಿದ್ದೇನೆ. ಬೆಳಗಿನ ಬಿಸಿಲಲ್ಲಿ ಹಿಡಿದು ನೋಡಿ, ಬೇಕಾದ್ದನ್ನು ವಾಪಸ್ ಕಳಿಸು. ಫೋನಲ್ಲಿ ಫೋಟೋ ಕಳಿಸುತ್ತೇನೆ ಅಂತ ಮಾತ್ರ ಹೇಳಬೇಡ. ಫೋನಿನಲ್ಲಿ ಬಣ್ಣ ಬರೀ ಸುಳ್ಳು ಹೇಳುತ್ತದೆ. ಮಾತಾಡುವುದಕ್ಕೂ ಅದು ನನಗೆ ಆಗಿಬರುವುದಿಲ್ಲ. ಯಂತ್ರಗಳ ಸದ್ದಿನಲ್ಲಿ ಕೆಲಸ ಮಾಡಿ ಮಾಡಿ ನನ್ನ ಕಿವಿ ಅರ್ಧ ಹೋಗಿದೆ, ನೀನೋ ಗುಬ್ಬಿ ಹಾಗೆ ಕಿಚಕಿಚ ಅನ್ನುತ್ತೀಯ.

ಇಲ್ಲಿ ಕಾರ್ಖಾನೆಯಲ್ಲಿ ಈಗ ಎಲ್ಲ ಹಳದಿ. ರಸ್ತೆ ಕೆಲಸದವರ ಮೇಲಂಗಿಗೆ ಅಂತ ದೊಡ್ಡ ಆರ್ಡರ್ ಬಂದಿದೆ. ದೂರದಿಂದಲೇ ಲಾರಿ ಓಡಿಸುವವರ ಕಣ್ಣಿಗೆ ಹೊಡೆಯಬೇಕಂತೆ, ಅಂಥ ಹಳದಿ. ಬಣ್ಣದ ತೊಟ್ಟಿ ಹಳದಿ, ನೆಲ ಹಳದಿ, ಬಾಯ್ಲರಿಗೆ ಬೆಂಕಿ ಹಾಕುವ ಮಾಮನ ಬಿಳಿ ಮೀಸೆಯೂ ಹಳದಿ. ನಮ್ಮ ಕೈಗಳನ್ನಂತೂ ಕೇಳಲೇಬೇಡ.

ಯಜಮಾನರ ಅಣ್ಣನ ಮಗ ಓದು ಮುಗಿಸಿ ಬಂದು ವಕ್ಕರಿಸಿದ್ದಾನೆ. ಬಾಗಿಲ ಪಕ್ಕದ ಮೊದಲನೇ ಮೊಳೆ ಗೊತ್ತಲ್ಲ, ತೊಟ್ಟಿಗಳ ಮುಖ್ಯಸ್ಥರ ಏಪ್ರನ್ ನೇತುಹಾಕುವುದು? ಅಮ್ಮನದಾಗಿತ್ತು, ಈಗ ನನ್ನದು. ಅದರ ಮೇಲೆ ಅವನ ಕಣ್ಣು. "ನಿಮಗೂ ವಯಸ್ಸಾಯ್ತು, ಆರಾಮಾಗಿ ಕೂತ್ಕೋಬಾರ್ದಾ?" ಅಂತ ಹಲ್ಲು ಕಿಸಿದ. "ನಾನು ಕೂತ್ರೆ ನೀನು ನನ್ನ ಜಾಗದಲ್ಲಿ ನಿಂತ್ಕೋತೀಯ. ನಾನು ನಿಂತೇ ಇರ್ತೀನಿ ಬಿಡಪ್ಪ" ಅಂದೆ. ಬಾಯ್ಲರ್ ಮಾಮ ಕೇಳಿಸಿಕೊಂಡು ಕೆಮ್ಮುವ ಹಾಗೆ ಮಾಡಿ ನಕ್ಕ.

ಆಗಾಗ ಬಲಗಡೆ ಪಕ್ಕೆಲುಬಿನ ಕೆಳಗೆ ಒಂದು ನೋವು ಬಂದು ಹೋಗುತ್ತದೆ. ಗ್ಯಾಸು. ಬರೆಯಬಾರದಿತ್ತು, ಬರೆದಾಯಿತು, ಹೊಡೆದು ಹಾಕಿದರೆ ನೀನು ಇನ್ನೂ ಜಾಸ್ತಿ ಓದುತ್ತೀಯ.

ಇಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ: ನಮ್ಮ ಗುಬ್ಬಿ ಚಾಕು ಮುಟ್ಟದೆ, ಬಾಯಿಂದ ಒಂದು ನಳಿಗೆ ಇಳಿಸಿ ಹೊಟ್ಟೆಯೊಳಗಿನ ಕಲ್ಲು ತೆಗೆಯುತ್ತಾಳೆ ಅಂತ. ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ನಿನ್ನ ಅಕ್ಕ

*

ಜನವರಿ ೧೯

ಅಕ್ಕಾ,

ಮಧ್ಯದ ನೀಲಿ. ತುಂಡು ಇಟ್ಟಿದ್ದೇನೆ. "ಒಂಥರಾ" ಅಂದರೆ ಇದೇ ಥರ.

ನೋವಿನ ಸಾಲನ್ನು ನಾಲ್ಕು ಸಲ ಓದಿದೆ, ನೀನು ಹೇಳಿದ್ದು ಸರಿ. ಕರಿದದ್ದು ತಿಂದ ಮೇಲೆ ಬರುತ್ತದಾ? ಬೆನ್ನಿಗೆ, ಬಲಭುಜಕ್ಕೆ ಹೋಗುತ್ತದಾ? ಬಂದರೆ ಅದು ಗ್ಯಾಸಲ್ಲ, ಪಿತ್ತಕೋಶದ್ದಿರಬಹುದು. ಅಮ್ಮನಿಗಿತ್ತು, ನಿನಗೆ ಬಂದರೆ ಆಶ್ಚರ್ಯವೇನಿಲ್ಲ. ಒಂದು ಸ್ಕ್ಯಾನ್ ಮಾಡಿಸು. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ನೋಡುತ್ತಾರೆ, ಅಷ್ಟೇ.

ಅದರಲ್ಲಿ ಸರಿಯಾಗಿ ಕಾಣದಿದ್ದರೆ ನಮ್ಮ ಹತ್ತಿರ ಇನ್ನೊಂದು ದಾರಿ ಇದೆ. ಸ್ಕ್ಯಾನ್ ಮಾಡುವ ಪುಟ್ಟ ಯಂತ್ರವನ್ನೇ ನಳಿಗೆಯ ತುದಿಗೆ ಕೂರಿಸಿ ಬಾಯಿಂದ ಇಳಿಸುತ್ತೇವೆ. ಒಳಗಡೆಯಿಂದ, ಗೋಡೆಯ ಆಚೆ ಪಕ್ಕದ ಮನೆ ಇಣುಕಿದ ಹಾಗೆ, ಪಿತ್ತನಾಳ ಕಾಣುತ್ತದೆ. ಅಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಎರಡನೇ ನಳಿಗೆ. ಅದರ ಕ್ಯಾಮೆರಾ ಕಣ್ಣು ತುದಿಯಲ್ಲಿಲ್ಲ, ಪಕ್ಕದಲ್ಲಿದೆ. ಜಠರ ದಾಟಿ, ಕರುಳಿನ ತಿರುವಿನಲ್ಲಿ ಪಿತ್ತ ಇಳಿಯುವ ಪುಟ್ಟ ಬಾಯಿ ಹುಡುಕಿ, ಒಂದು ಸಣ್ಣ ತಂತಿ ತೂರಿಸಿ, ಬಣ್ಣದ ನೀರು ಬಿಟ್ಟು ಎಕ್ಸ್-ರೇಯಲ್ಲಿ ನೋಡಿ, ಕಲ್ಲನ್ನು ಕೆಳಗೆ ಎಳೆದುಬಿಡುವುದು. ಮೊನ್ನೆ ಒಬ್ಬ ಡ್ರೈವರ್ ನಡೆದುಕೊಂಡು ಬಂದರು, ಮಾರನೆ ದಿನ ನಡೆದುಕೊಂಡೇ ಹೋದರು.

ಎಕ್ಸ್-ರೇ ಇರುವುದರಿಂದ ಸೀಸದ ಏಪ್ರನ್ ಹಾಕಿಕೊಂಡು ನಿಲ್ಲಬೇಕು. ನಿನ್ನ ರಬ್ಬರ್ ಏಪ್ರನ್ ಇದರ ಮುಂದೆ ಕರವಸ್ತ್ರ. ಸಂಜೆ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ. ಉಳಿದಂತೆ ಎಲ್ಲ ಚೆನ್ನಾಗಿದೆ, ಕೆಲಸ ಜೋರಾಗಿದೆ.

ಗುಬ್ಬಿ

*

ಫೆಬ್ರವರಿ ೧

ಗುಬ್ಬೀ,

ಯಾರಿಗೂ ಕಾಣದ ಬಣ್ಣದ ನೀರು, ಎಕ್ಸ್-ರೇಗೆ ಮಾತ್ರ ಕಾಣುತ್ತದೆ! ಅಂಥ ಬಣ್ಣ ಹಾಕಿ ಕಳಿಸಿದರೆ ನಮ್ಮ ಗಿರಾಕಿಗಳು ಒದೆಯುತ್ತಾರೆ.

ನಿನ್ನ ಬಾಯಿ ಮುಚ್ಚಿಸಲು ಇಲ್ಲಿಯ ಡಾಕ್ಟರ ಹತ್ತಿರ ಹೋಗಿದ್ದೆ. ಹೊಟ್ಟೆ ಮುಟ್ಟಿಯೂ ನೋಡಲಿಲ್ಲ. "ಕೋಪ ಕಮ್ಮಿ ಮಾಡ್ಕೊಳ್ಳಿ, ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಇದ್ದಿದ್ದೇ" ಅಂತ ಹೇಳಿ ಗ್ಯಾಸಿನ ಮಾತ್ರೆ ಕೊಟ್ಟರು. ಅಲ್ಲಿವರೆಗೆ ಇಲ್ಲದ ಕೋಪ ಆಗ ಬಂತು. "ನೋವಿರೋದು ಹೊಟ್ಟೇಲಿ ಡಾಕ್ಟ್ರೇ, ವಯಸ್ಸಲ್ಲಲ್ಲ" ಅಂದು ಎದ್ದು ಬಂದೆ. ಮಾತ್ರೆ ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ.

ಆದರೆ ನಿನ್ನ ನಳಿಗೆಯೂ ಬೇಡ. ಕಾರಣ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಅಮ್ಮನ ಹೊಟ್ಟೆಯ ಮೇಲಿನ ಗೆರೆ ನೆನಪಿದೆಯಾ? ಪಕ್ಕೆಲುಬಿನ ಕೆಳಗೆ ಇಷ್ಟುದ್ದ ಕುಯ್ದು ಪಿತ್ತಕೋಶ ತೆಗೆದರು. ಅಮ್ಮ ಬದುಕಿದಳು ನಿಜ. ಆದರೆ ತಿಂಗಳುಗಟ್ಟಲೆ ಮಲಗಿದಳು, ಆಗಿನ ಯಜಮಾನರು ಬಂದು ಬಾಗಿಲಲ್ಲೇ ನಿಂತು "ರೆಸ್ಟ್ ತಗೋ ತಾಯಿ" ಅಂದರು. ಎದ್ದು ಹೋಗುವಷ್ಟರಲ್ಲಿ ಮೊದಲನೇ ಮೊಳೆಯಲ್ಲಿ ಬೇರೆಯವರ ಏಪ್ರನ್ ಇತ್ತು. ಅಮ್ಮ ಮತ್ತೆ ತೊಟ್ಟಿ ಮುಟ್ಟಲಿಲ್ಲ, ಬಟ್ಟೆ ಮಡಚುವ ಕೋಣೆಯಲ್ಲಿ ಕೂತು ಮುಗಿದಳು. ನೀನು ಆಗ ಚಿಕ್ಕವಳು. ಆ ಮೊಳೆ ವಾಪಸ್ ನಮ್ಮ ಮನೆಗೆ ಬರಬೇಕಾದರೆ ನಾನು ಎಷ್ಟು ಜನರ ಹತ್ತಿರ ಜಗಳ ಆಡಿದೆ ಅಂತ ನನಗೆ ಮಾತ್ರ ಗೊತ್ತು. ಮಲಗುವ ಹೆಸರೆತ್ತಬೇಡ. ನಾನು ಮಲಗುವವಳಲ್ಲ.

ಈ ಹಳದಿ ಮಾತ್ರ ಹಾಳು ಹಳದಿ. ಎಷ್ಟು ತಿಕ್ಕಿದರೂ ಉಗುರಿಂದ ಹೋಗುತ್ತಿಲ್ಲ, ಮೈಯೆಲ್ಲ ತುರಿಕೆ ಬೇರೆ. ಯಜಮಾನರು ಅಗ್ಗದ ಪುಡಿ ತರಿಸಿದ್ದಾರೆ ಅಂತ ನನಗೆ ಗುಮಾನಿ, ಇವತ್ತು ಹೋಗಿ ಕೂಗಾಡಿ ಬಂದೆ.

ಪರದೆ ಬಟ್ಟೆ ಮುಂದಿನ ವಾರ ಕಳಿಸುತ್ತೇನೆ. ಬೇರೆ ಯಾರ ಕೈಗೂ ಕೊಡಲಿಲ್ಲ, ನಾನೇ ಅದ್ದಿದೆ.

ಅಕ್ಕ

*

ಫೆಬ್ರವರಿ ೯

ಅಕ್ಕಾ,

ತುರಿಕೆ ಎಂದಿನಿಂದ? ಬೇರೆ ಯಾರಿಗಾದರೂ ಇದೆಯಾ, ನಿನಗೊಬ್ಬಳಿಗೇನಾ?

ಇದೊಂದು ಸಲ ಜಗಳ ಬಿಟ್ಟು ನಾನು ಹೇಳಿದ ಹಾಗೆ ಕೇಳು. ಹಗಲು ಹೊತ್ತಿನಲ್ಲಿ, ಹೊರಗಡೆ, ತೊಟ್ಟಿಯ ಹತ್ತಿರ ಹಾಕುವ ಆ ಕನ್ನಡಕ ತೆಗೆದು ಕಣ್ಣಿನ ಬಿಳಿ ಭಾಗ ನೋಡಿಕೋ. ಮೂತ್ರದ ಬಣ್ಣ ಏನು, ಮಲದ ಬಣ್ಣ ಏನು, ಬರೆದು ತಿಳಿಸು. ಬರೆಯುವ ಮೊದಲೇ ಚಳಿ ನಡುಗಿ ಜ್ವರ ಬಂದರೆ ಪತ್ರ ಬರೆಯುತ್ತಾ ಕೂರಬೇಡ, ಬಸ್ ಹತ್ತು.

ನಿನಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕಾರ್ಖಾನೆಗೆ ಮಾಡಿದರೆ ಯಜಮಾನರ ಆ ಅಣ್ಣನ ಮಗ ಎತ್ತಿಕೊಂಡು, "ಅವರಿಗೇನಾಗಿದೆ, ಬೆಳಗ್ಗೆಯಿಂದ ಎಲ್ಲರಿಗೂ ಬೈತಾ ಇದಾರೆ" ಅಂದ. ಅಷ್ಟರಮಟ್ಟಿಗೆ ಸಮಾಧಾನ ಆಯಿತು.

ನೀನು ಹೆದರುತ್ತಿರುವುದು ಅಮ್ಮನ ಕಾಲದ ಆಪರೇಷನ್ನಿಗೆ. ಈಗ ಆ ಗೆರೆಯೇ ಇಲ್ಲ ಅಕ್ಕ. ಯಾಕೆ ನಂಬುವುದಿಲ್ಲ?

ಗುಬ್ಬಿ

*

ಫೆಬ್ರವರಿ ೧೫

ಗುಬ್ಬೀ,

ಅಕ್ಕನಿಗೆ ಕೇಳುವ ಮಾತಾ ಇದು? ಒಂದು ದಿನವೆಲ್ಲ ನಿನ್ನ ಪತ್ರ ಹರಿದು ಹಾಕಬೇಕು ಅಂತ ಕೈ ಚಡಪಡಿಸಿತು.

ಆಮೇಲೆ ಬಣ್ಣ ತೆಗೆಯುವ ನೀರಿನಲ್ಲಿ ಕೈ ತೊಳೆದೆ. ಉಗುರಿನ ಸಂದಿಯ ಹಳದಿ ಪೂರ್ತಿ ಹೋಯಿತು. ಅಂಗೈಯದು ಹೋಗಲಿಲ್ಲ. ತೋಳಿನ ಒಳಭಾಗ ನೋಡಿದೆ. ಸೀರೆ ಸರಿಸಿ ಹೊಟ್ಟೆ ನೋಡಿದೆ. ಹೊಟ್ಟೆಗೆ ಯಾವ ತೊಟ್ಟಿಯ ಬಣ್ಣ ತಾಗುತ್ತದೆ ಹೇಳು? ಅಂಗಳಕ್ಕೆ ಹೋಗಿ ಬಾಯ್ಲರ್ ಮಾಮನ ಮುಂದೆ ಕನ್ನಡಕ ತೆಗೆದು "ಮಾಮ, ನನ್ನ ಕಣ್ಣು ಯಾವ ಬಣ್ಣ?" ಅಂತ ಕೇಳಿದೆ. ಅವನು ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಇಡೀ ಊರಿನಲ್ಲಿ ಬಣ್ಣ ನೋಡಲು ನಮ್ಮನ್ನು ಬಿಟ್ಟರಿಲ್ಲ ಅಂತ ಜಂಬ ಕೊಚ್ಚುವ ಜನ ನಾವು. ಎಲ್ಲರೂ ಹಳದಿಯಾಗಿದ್ದೆವು ನೋಡು, ನನ್ನ ಹಳದಿ ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಸಿಟ್ಟು ಬಂತು, ಅಳುವೂ ಬಂತು.

ನೀನು ಕೇಳಿದ್ದನ್ನು ಮಾತಿನಲ್ಲಿ ಬರೆಯಲಾರೆ. ಮಾತಿನಲ್ಲಿ ಬಣ್ಣ ಹೇಳುವುದು ನಮ್ಮ ಕಸುಬಿನಲ್ಲೇ ಇಲ್ಲ. ಊಟದ ಬಿಡುವಿನಲ್ಲಿ ಸಣ್ಣ ಪಾತ್ರೆಯಲ್ಲಿ ಪುಡಿ ಕಲಸಿ ಎರಡು ತುಂಡು ಅದ್ದಿದ್ದೇನೆ. ಗಂಟು ಹಾಕಿದ್ದು ಮೂತ್ರ, ಗಂಟಿಲ್ಲದ್ದು ಇನ್ನೊಂದು. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ಹಾಗೆ ಹೊಂದಿಸಿದ್ದೇನೆ. ಅಣ್ಣನ ಮಗ ಬಂದು "ಇದ್ಯಾವ ಆರ್ಡರ್?" ಅಂದ. "ದೊಡ್ಡ ಗಿರಾಕಿ. ನಿನ್ನ ಕೈಗೆ ಸಿಕ್ಕಲ್ಲ" ಅಂದೆ.

ಮೊನ್ನೆ ಸ್ವಲ್ಪ ಚಳಿ ಚಳಿ ಅನ್ನಿಸಿತು. ಹವಾ ಬದಲಾಗಿದೆ ಇರಬೇಕು.

ಬರಲೇಬೇಕು ಅಂತ ನೀನು ಹೇಳಿದರೆ ಬರುತ್ತೇನೆ. ಆದರೆ ಒಂದು ಮಾತು. ನಳಿಗೆ ಹಿಡಿಯುವುದು ನೀನೇ. ನಮ್ಮವರ ಬಟ್ಟೆಯನ್ನು ನಾವು ಬೇರೆಯವರ ತೊಟ್ಟಿಗೆ ಹಾಕುವುದಿಲ್ಲ, ಅಮ್ಮನೂ ಹಾಕಲಿಲ್ಲ. ಬೇರೆ ಕೈ ಆದರೆ ನಾನು ಬಂದ ದಾರಿಯಲ್ಲೇ ವಾಪಸ್.

ಅಕ್ಕ

*

ಫೆಬ್ರವರಿ ೧೮, ಕೊರಿಯರ್ ಮೂಲಕ

ಅಕ್ಕಾ,

ಲಕೋಟೆ ಒಡೆದ ತಕ್ಷಣ ಎರಡೂ ತುಂಡನ್ನು ಕಿಟಕಿಯ ಹತ್ತಿರ ಹಿಡಿದೆ. ಗಂಟು ಹಾಕಿದ್ದು ಕಡು ಚಹಾ. ಗಂಟಿಲ್ಲದ್ದು ಒಣಗಿದ ಜೇಡಿಮಣ್ಣು. ನಮ್ಮ ದೊಡ್ಡ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ತುಂಡು ನೋಡಿದರು, ನನ್ನ ಮುಖ ನೋಡಿದರು, "ಯಾವತ್ತು ಬರ್ತಾರೆ?" ಅಂದರು.

ಇದು ಕಾಮಾಲೆ, ಪಿತ್ತ ಇಳಿಯುವ ದಾರಿ ಕಟ್ಟಿಕೊಂಡಿದೆ. ನಿನ್ನ ಆ "ಸ್ವಲ್ಪ ಚಳಿ" ಹವಾ ಅಲ್ಲ, ಕಟ್ಟಿಕೊಂಡ ಪಿತ್ತದಲ್ಲಿ ಸೋಂಕು. ಇದು ಜೀವ ತೆಗೆಯುವ ಚಳಿ. ಕಾರ್ಖಾನೆಗೆ ಫೋನ್ ಮಾಡಿ ಬಾಯ್ಲರ್ ಮಾಮನನ್ನೇ ಕರೆಸಿ ಮಾತಾಡಿದ್ದೇನೆ. ಅವರು ನಾಳೆ ಬೆಳಗ್ಗೆ ಬಸ್ಸಿನಲ್ಲಿ ನಿನ್ನನ್ನು ಕರೆದುಕೊಂಡು ಬರುತ್ತಾರೆ. ಈ ಪತ್ರ ನಿನ್ನ ಕೈ ಸೇರಿದಾಗಲೂ ನೀನು ಅಲ್ಲೇ ಇದ್ದರೆ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ.

ನಳಿಗೆ ಯಾರ ಕೈಯಲ್ಲಿ ಅನ್ನುವುದು ಆಮೇಲಿನ ಮಾತು. ಮೊದಲು ಬಾ.

ಗುಬ್ಬಿ

*

ಮಾರ್ಚ್ ೩

ಅಕ್ಕಾ,

ನಿನ್ನ ಹಾಸಿಗೆಗೆ ಗಂಜಿ ತೆಗೆದುಕೊಂಡು ಬಂದರೆ ಹಾಸಿಗೆ ಖಾಲಿ! ನರ್ಸನ್ನು ಕೇಳಿದರೆ, "ಸಹಿ ಹಾಕಿ ಹೋದ್ರು ಮೇಡಂ, ತಡೆದ್ರೆ ಬೈದ್ರು" ಅಂದಳು. ನಿನ್ನ ಪಿತ್ತನಾಳದ ಕಲ್ಲು ಹೋಗಿದೆ ನಿಜ. ಆ ಕಲ್ಲು ಹುಟ್ಟಿದ ಮನೆ, ಪಿತ್ತಕೋಶ, ಇನ್ನೂ ನಿನ್ನ ಹೊಟ್ಟೆಯಲ್ಲೇ ಇದೆ. ಅದರೊಳಗೆ ಇನ್ನೂ ಕಲ್ಲುಗಳಿವೆ. ಅವು ಸುಮ್ಮನೆ ಕೂರುವುದಿಲ್ಲ. ಎಷ್ಟು ಹೇಳಿದೆ ನಿನಗೆ! ನನ್ನ ಪಿತ್ತ ನೆತ್ತಿಗೇರಿದೆ ಈಗ, ಅದಕ್ಕೆ ಯಾವ ನಳಿಗೆಯೂ ಇಲ್ಲ.

ಬೈದಾಯಿತು. ಇನ್ನು ನೀನು ನಿದ್ದೆಯಲ್ಲಿದ್ದಾಗ ನಡೆದದ್ದನ್ನು ಬರೆಯುತ್ತೇನೆ, ಕೇಳುವ ಹಕ್ಕು ನಿನಗಿದೆ.

ಮೊದಲು ಸ್ಕ್ಯಾನಿನ ನಳಿಗೆ. ಹೊಟ್ಟೆಯ ಮೇಲಿಂದ ನೋಡಿದಾಗ ಕರುಳಿನ ಗಾಳಿ ಅಡ್ಡ ಬಂದು ಕಲ್ಲು ಕಂಡಿರಲಿಲ್ಲ. ಒಳಗಿನಿಂದ ನೋಡಿದರೆ ನಾಳದ ತಳದಲ್ಲೇ ಕೂತಿತ್ತು, ಮನೆ ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆ ಹಾಗೆ. ಆಮೇಲೆ ಎರಡನೇ ನಳಿಗೆ. ಗಂಟಲು, ಜಠರ, ತಿರುವು, ಅಲ್ಲಿಯವರೆಗೆ ನಾನೇ ಇಳಿಸಿದೆ. ಆ ಪುಟ್ಟ ಬಾಯಿ ಮಾನಿಟರಿನ ಪರದೆಯಲ್ಲಿ ಕಂಡಾಗ ಅಭ್ಯಾಸಬಲದಿಂದ ನಳಿಗೆಯನ್ನು ದೊಡ್ಡ ಡಾಕ್ಟರ ಕಡೆ ಚಾಚಿದೆ. ಅವರು ಕೈ ಕಟ್ಟಿಕೊಂಡು ನಿಂತಿದ್ದರು. "ನಡೀರಿ" ಅಂದರು, ಅಷ್ಟೇ.

ಅಕ್ಕಾ, ತರಬೇತಿ ಮುಗಿದು ಎರಡು ವರ್ಷ ಆಗಿದೆ. ಅವರು ಆ ಮಾತು ಆಡಿದ್ದು ಅದೇ ಮೊದಲು.

ತಂತಿ ಮೊದಲ ಸಲ ಜಾರಿತು. ಎರಡನೇ ಸಲವೂ. ನನ್ನ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು, ಕೈ ಮಾತ್ರ ನಡುಗಲಿಲ್ಲ, ಯಾಕೋ ಗೊತ್ತಿಲ್ಲ. ಸ್ವಲ್ಪ ಹಿಂದೆ ಸರಿದು, ಕೆಳಗಿನಿಂದ ಮೇಲಕ್ಕೆ ಕೊಟ್ಟೆ. ಹೋಯಿತು. ಬಣ್ಣದ ನೀರು ಬಿಟ್ಟಾಗ ಎಕ್ಸ್-ರೇಯಲ್ಲಿ ನಾಳ ಮೂಡಿತು, ಮಧ್ಯದಲ್ಲಿ ಕಲ್ಲಿನ ಜಾಗ ಮಾತ್ರ ಖಾಲಿ. ನಾಳದ ಬಾಯನ್ನು ಒಂದಿಷ್ಟು ಅಗಲ ಮಾಡಿ, ಪುಟ್ಟ ಬಲೂನು ಕಲ್ಲಿನ ಹಿಂದೆ ಊದಿ, ಮೆಲ್ಲಗೆ ಎಳೆದೆ. ಬಂತು. ಅದರ ಹಿಂದೆಯೇ ಇಷ್ಟು ದಿನ ಕಟ್ಟಿಕೊಂಡಿದ್ದ ಪಿತ್ತ ಧುಮುಕಿತು, ಪರದೆಯೆಲ್ಲ ಅದೇ. ನಾನು "ಅಕ್ಕಾ!" ಅಂತ ಕೂಗಿಬಿಟ್ಟೆನಂತೆ. ಎಲ್ಲರೂ ನಕ್ಕರು.

ದೊಡ್ಡ ಡಾಕ್ಟರು ಹೊರಗೆ ಹೋಗುತ್ತಾ, "ನಿಮ್ಮ ಅಕ್ಕ ಕೆಲಸ ಮಾಡೋ ಕಡೆ ಎಲ್ಲರೂ ಹೀಗೇನಾ?" ಅಂದರು. ನಾನು ಎಕ್ಸ್-ರೇ ಕೋಣೆಗೆ ಹೋಗಿದ್ದಾಗ ನೀನು ಅವರ ಹತ್ತಿರ ಏನು ಮಾತಾಡಿದೆ? ಸುಳ್ಳು ಬರೆಯಬೇಡ.

ಗುಬ್ಬಿ

*

ಮಾರ್ಚ್ ೧೧

ಗುಬ್ಬೀ,

ಸುಳ್ಳು ಬರೆಯುವವಳು ನಾನಾ, ನೀನಾ?

ಟ್ರಾಲಿಯ ಮೇಲೆ ಮಲಗಿಸಿದ್ದಾಗ ಗೋಡೆ ನೋಡುತ್ತಿದ್ದೆ. ಸೀಸದ ಏಪ್ರನ್‌ಗಳು ಸಾಲಾಗಿ ಮೊಳೆಯಲ್ಲಿದ್ದವು, ಪ್ರತಿ ಮೊಳೆಯ ಮೇಲೂ ಒಬ್ಬೊಬ್ಬರ ಹೆಸರು. ನಿನ್ನ ಹೆಸರು ಎಲ್ಲೂ ಇಲ್ಲ. ನೀನು ಬಂದು ಮೂಲೆಯ ಕುರ್ಚಿಯ ಮೇಲಿದ್ದ ಯಾರದೋ ದೊಡ್ಡ ಏಪ್ರನ್ ಎತ್ತಿ ಹಾಕಿಕೊಂಡೆ, ಮೊಣಕಾಲು ದಾಟಿ ಇಳಿಬಿದ್ದಿತ್ತು. ನನಗೆ ಆಗಲೇ ಅರ್ಥ ಆಯಿತು. ಮೊಳೆ ಇಲ್ಲದವರ ಕಥೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೀನು ಆಚೆ ಹೋದೆ, ನಿಮ್ಮ ದೊಡ್ಡ ಡಾಕ್ಟರು ಬಂದರು. ಒಪ್ಪಿಗೆಯ ಕಾಗದ, ಪೆನ್ನು ಕೊಟ್ಟರು.

"ಯಾರು ಮಾಡೋದು?" ಅಂದೆ.

"ನಾನೇ ಮಾಡ್ತೀನಮ್ಮ. ಭಯ ಬೇಡ."

"ಅವಳು?"

"ಬಾಗಿಲವರೆಗೆ ಅವರು ಇಳಿಸ್ತಾರೆ. ಒಳಗೆ ಹೋಗೋದು ನಾನು."

"ಬಾಗಿಲವರೆಗೆ ಬಂದವಳಿಗೆ ಒಳಗೆ ಹೋಗೋಕೆ ಬರಲ್ವಾ?"

"ಬರುತ್ತೆ. ಆದ್ರೆ ಸ್ವಂತ ಮನೆಯವರಿಗೆ ಮಾಡಬಾರ್ದು ಅಂತ ನಿಯಮ ಇದೆ. ಕೈ ನಡುಗುತ್ತೆ."

"ನಿಯಮ ಒಳ್ಳೇದೇ. ಬೇರೆ ಮನೆಯವರಿಗೆ ಎಷ್ಟು ಸಲ ಬಿಟ್ಟಿದೀರ?"

ಅವರು ಕಾಗದವನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನೋಡಿ ಡಾಕ್ಟ್ರೇ, ನಮ್ಮಲ್ಲಿ ನಮ್ಮವರ ಬಟ್ಟೆ ನಾವೇ ಅದ್ದೋದು. ಕೆಟ್ರೆ ಜೀವನಪೂರ್ತಿ ನಾವೇ ನೋಡ್ಬೇಕಲ್ಲ, ಅದಕ್ಕೇ ಕೈ ನಡುಗಲ್ಲ. ನಡುಗಿದ್ರೆ ನೀವು ಹಿಂದೆ ಇರ್ತೀರಲ್ಲ, ತಗೊಳ್ಳಿ. ಅಲ್ಲಿವರೆಗೂ ಕೈ ಚಾಚ್ಬೇಡಿ. ಕಲ್ಲು ನಂದು, ಹೊಟ್ಟೆ ನಂದು, ಸಹಿ ಹಾಕೋಳೂ ನಾನು."

"ಹಾಕ್ದೇ ಹೋದ್ರೆ ಸಾಯ್ತೀರ, ಗೊತ್ತಾ?"

"ಗೊತ್ತು. ಅವಳು ಬರೆದಿದಾಳೆ."

ಹೆದರಿದ್ದೆ ಗುಬ್ಬಿ. ಹಲ್ಲು ಕಟಕಟ ಅನ್ನುತ್ತಿತ್ತು, ಜ್ವರಕ್ಕೋ ಹೆದರಿಕೆಗೋ ಗೊತ್ತಿಲ್ಲ. ಆದರೆ ಅಮ್ಮನಿಗೆ "ರೆಸ್ಟ್ ತಗೋ" ಅಂದ ಮುಖ, "ವಯಸ್ಸಾಯ್ತು ಕೂತ್ಕೋ" ಅನ್ನುವ ಮುಖ, ಎಲ್ಲ ಒಟ್ಟಿಗೆ ಆ ಟ್ರಾಲಿಯ ಸುತ್ತ ನಿಂತ ಹಾಗಾಯಿತು. ನನ್ನ ತಂಗಿಯನ್ನೂ ಬಾಗಿಲಲ್ಲೇ ನಿಲ್ಲಿಸಿಕೊಂಡು ಬಂದಿದ್ದಾರಲ್ಲ ಅಂತ ಹೊಟ್ಟೆ ಉರಿಯಿತು. ಕೊನೆಗೆ ಅವರು "ಆಯ್ತು. ನಾನು ಹಿಂದೆ ನಿಂತಿರ್ತೀನಿ" ಅಂದರು. ಕೆಟ್ಟ ಮನುಷ್ಯ ಅಲ್ಲ. ಅಭ್ಯಾಸ ಕೆಟ್ಟದ್ದು. ಆಮೇಲೆ ಸಹಿ ಹಾಕಿದೆ.

ಎರಡು ವರ್ಷದಿಂದ ನನಗೆ ಒಂದು ಮಾತು ಬರೆಯಲಿಲ್ಲ ನೀನು. ನಾನು ಊರೆಲ್ಲ ಜಂಬ ಕೊಚ್ಚುತ್ತಿದ್ದೆ, ಅದಕ್ಕೆ ಬರೆಯಲಿಲ್ಲ ಅಲ್ಲವಾ? ಹೋಗಲಿ. ಈಗ ಜಂಬ ನಿಜ ಆಯಿತು.

ಓಡಿ ಬಂದದ್ದು ಯಾಕೆ ಅಂದರೆ, ಬಾಯ್ಲರ್ ಮಾಮ ಫೋನ್ ಮಾಡಿ ಒಂದೇ ಮಾತು ಹೇಳಿದ: "ಮೊಳೆಗೆ ಹೊಸ ಏಪ್ರನ್ ಬಂದಿದೆ." ಇಲ್ಲಿಗೆ ಬಂದು ನೋಡಿದರೆ ಅಣ್ಣನ ಮಗನದು, ಮಡಿಕೆಯ ಗೆರೆ ಕೂಡ ಹೋಗಿರಲಿಲ್ಲ. ನನ್ನದನ್ನು ಮಡಚಿ ಸ್ಟೂಲಿನ ಮೇಲೆ ಇಟ್ಟಿದ್ದರು, ಸತ್ತವರ ಬಟ್ಟೆ ಇಟ್ಟ ಹಾಗೆ. ಅವನದನ್ನು ತೆಗೆದು ಅವನ ಕೈಗೇ ಕೊಟ್ಟೆ. ನನ್ನದನ್ನು ಕೊಡವಿ ನೇತುಹಾಕಿದೆ. ಯಜಮಾನರು ಬಂದು "ಸ್ವಲ್ಪ ದಿನ ರೆಸ್ಟ್..." ಅಂತ ಶುರುಮಾಡಿದರು. "ಅಮ್ಮಂಗೂ ಇದೇ ಅಂದಿದ್ರು ನಿಮ್ಮಪ್ಪ. ಅವಳು ಕೇಳಿದ್ಲು, ನಾನು ಕೇಳಲ್ಲ" ಅಂದೆ. ಇಡೀ ತೊಟ್ಟಿ ಕೋಣೆ ಕೆಲಸ ನಿಲ್ಲಿಸಿ ನೋಡುತ್ತಿತ್ತು.

ಆಪರೇಷನ್ ಮಾತು ಈಗ ಎತ್ತಬೇಡ. ಇನ್ನೊಂದು ಸಲ ಹೋದರೆ ಆ ಮೊಳೆ ಉಳಿಯುವುದಿಲ್ಲ.

ಒಂದು ಕೇಳಬೇಕಿತ್ತು. ಧುಮುಕಿದ ಪಿತ್ತ ಯಾವ ಬಣ್ಣ ಇತ್ತು?

ಅಕ್ಕ

*

ಮಾರ್ಚ್ ೧೯

ಅಕ್ಕಾ,

ಪತ್ರ ಓದಿ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದು ದೊಡ್ಡ ಡಾಕ್ಟರ ಕೋಣೆಗೆ ಹೋದೆ. "ನಮ್ಮ ಅಕ್ಕ ನಿಮಗೆ ಕೇಳಿದ ಪ್ರಶ್ನೆಗೆ ಉತ್ತರ ಬೇಕು ಸರ್. ಬೇರೆ ಮನೆಯವರಿಗೆ ಎಷ್ಟು ಸಲ?" ಅಂದೆ. ಅವರು ವಾರದ ರೋಗಿಗಳ ಪಟ್ಟಿ ಹತ್ತಿರ ಎಳೆದುಕೊಂಡರು. ಈಗ ಗುರುವಾರದ ಪಟ್ಟಿ ನನ್ನದು, ಪೂರ್ತಿ. ಬಾಗಿಲೂ ನಾನೇ, ಒಳಗೂ ನಾನೇ. ಮೊಳೆ ಮಾತ್ರ ಇನ್ನೂ ಇಲ್ಲ. ಕೇಳಲು ನಾಚಿಕೆ, ಮೊಳೆ ಕೊಡಿ ಅಂತ ಹೇಗೆ ಕೇಳುವುದು?

ಪಿತ್ತದ ಬಣ್ಣ: ಹಸಿರು ಅಂದರೆ ಹಸಿರಲ್ಲ, ಜೇನುತುಪ್ಪ ಅಂದರೆ ಅದೂ ಅಲ್ಲ. ಬೆಳಕು ಬಿದ್ದ ಕಡೆ ಚಿನ್ನ, ನೆರಳಲ್ಲಿ ಎಲೆಯ ಹಾಗೆ. ಒಂಥರಾ. ಬೈಯಬೇಡ.

ಇನ್ನು ನೀನು ಎತ್ತಬೇಡ ಅಂದ ಮಾತು. ಎತ್ತುತ್ತೇನೆ. ನೀನು ನಿನ್ನ ಮೊಳೆಗಾಗಿ ಸಾಯಲು ತಯಾರಾದರೆ, ಅದನ್ನು ಅವರು ತೆಗೆದುಕೊಳ್ಳುವುದಕ್ಕೆ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕಾದರೆ ಸಾಕು. ಇನ್ನೊಂದು ಕಲ್ಲು ಜಾರಿದರೆ ಚಳಿ ಮತ್ತೆ ಬರುತ್ತದೆ, ಆಗ ಬಸ್ ಹತ್ತುವಷ್ಟು ಹೊತ್ತು ಸಿಗುತ್ತದೋ ಇಲ್ಲವೋ. ಈಗ ಬಂದರೆ ನಾಲ್ಕು ಸಣ್ಣ ತೂತು, ಅಮ್ಮನ ಗೆರೆ ಇಲ್ಲ. ಮಾರನೆ ದಿನ ಓಡಾಡುತ್ತೀಯ, ಕೆಲವೇ ವಾರದಲ್ಲಿ ತೊಟ್ಟಿಯ ಹತ್ತಿರ. ಅಮ್ಮನಿಗೆ ಈ ದಾರಿ ಇರಲಿಲ್ಲ, ಹೇಳುವವರೂ ಇರಲಿಲ್ಲ. ನಿನಗೆ ಎರಡೂ ಇದೆ. ದೊಡ್ಡ ಡಾಕ್ಟರ ಮುಂದೆ ಪೆನ್ನಿನ ಮುಚ್ಚಳ ಹಾಕಿದವಳು ಒಬ್ಬ ಅಣ್ಣನ ಮಗನಿಗೆ ಹೆದರುತ್ತಾಳಾ?

ಗುಬ್ಬಿ

*

ಮಾರ್ಚ್ ೩೦

ಗುಬ್ಬೀ,

ಹೆದರುತ್ತಾಳಾ ಅಂತ ಕೇಳಿದೆಯಲ್ಲ, ಆ ಸಾಲು ನನ್ನನ್ನು ಎರಡು ದಿನ ತಿಂದಿತು. ಬೇಕೆಂದೇ ಬರೆದಿದ್ದೀಯ.

ಮೂರನೇ ದಿನ ತೊಟ್ಟಿ ಕೋಣೆಯಲ್ಲಿ ಎಲ್ಲರೂ ಇದ್ದಾಗ, ಯಜಮಾನರೂ ಅಣ್ಣನ ಮಗನೂ ಇದ್ದಾಗ, ಗಟ್ಟಿಯಾಗಿ ಹೇಳಿದೆ: "ನಾನು ಆಪರೇಷನ್‌ಗೆ ಹೋಗ್ತಾ ಇದೀನಿ. ಹೋಗ್ತೀನಿ, ಬರ್ತೀನಿ. ಏಪ್ರನ್ ಇಲ್ಲೇ ಇರುತ್ತೆ." ಅಣ್ಣನ ಮಗ, "ಅಲ್ಲ, ಕೆಲಸ ನಿಲ್ಲೋ ಹಾಗಿಲ್ವಲ್ಲ, ಅಷ್ಟು ದಿನ ಯಾರಾದ್ರೂ..." ಅಂತ ರಾಗ ಎಳೆದ. ಬಾಯ್ಲರ್ ಮಾಮ ಮೂಲೆಯಿಂದ ಎದ್ದು ಬಂದ. ಇಷ್ಟು ವರ್ಷದಲ್ಲಿ ಯಜಮಾನರ ಮುಂದೆ ಬಾಯಿ ತೆರೆದವನಲ್ಲ. "ಕೆಲಸ ಮಾಡಿ ಸ್ವಾಮಿ, ಬೇಡ ಅಂದೋರ್ಯಾರು? ನಿಮ್ಮ ಏಪ್ರನ್ ಬೇರೆ ಮೊಳೇಲಿ ಹಾಕ್ಕೊಳ್ಳಿ. ಆ ಮೊಳೆ ಮುಟ್ಟಿದ ದಿನ ಬಾಯ್ಲರ್ ಆರುತ್ತೆ" ಅಂದ. ಉಗಿ ಇಲ್ಲದೆ ಇಲ್ಲಿ ಒಂದು ಕರವಸ್ತ್ರಕ್ಕೂ ಬಣ್ಣ ಹಿಡಿಯುವುದಿಲ್ಲ. ತೊಳೆಯುವ ಹೆಂಗಸರು, ಮಡಚುವ ಹೆಂಗಸರು ಎಲ್ಲ ಬಂದು ಅವನ ಹಿಂದೆ ನಿಂತರು, ಯಾರೂ ಕರೆದಿರಲಿಲ್ಲ. ಯಜಮಾನರು ಕೆಮ್ಮಿ, "ಆಯ್ತಾಯ್ತು, ಮೊದಲು ಆರೋಗ್ಯ" ಅಂದು ಹೊರಟರು. ಏಪ್ರನ್ ತೊಳೆದು ಒದ್ದೆಯಾಗಿಯೇ ನೇತುಹಾಕಿದ್ದೇನೆ. ಅಮ್ಮ ಇದ್ದಿದ್ದರೆ ಅನ್ನಿಸಿತು.

ಇದರ ಜೊತೆ ಇರುವುದು ಈ ಸಲದ ತುಂಡು. ಬೆಳಕಿನಲ್ಲಿ ಚಿನ್ನ, ನೆರಳಲ್ಲಿ ಎಲೆ. ನಿನ್ನ "ಒಂಥರಾ"ವನ್ನು ಹಿಡಿಯಲು ಆರು ಸಲ ಅದ್ದಿ ಒಣಗಿಸಬೇಕಾಯಿತು. ಸಾಬೂನಿನಲ್ಲಿ ಕುದಿಸಿ ನೋಡಿದ್ದೇನೆ, ಬಿಸಿಲಿಗೆ ಹಾಕಿ ನೋಡಿದ್ದೇನೆ, ಮಾಸುವುದಿಲ್ಲ. ಉದ್ದ ಕತ್ತರಿಸಿ ಅಂಚು ಹೊಲಿದಿದ್ದೇನೆ, ಮೊಳೆಗೆ ಕಟ್ಟಲು ಬರುತ್ತದೆ. ಹೇಗೆ ಕೇಳುವುದು ಅಂದೆಯಲ್ಲ? ಕೇಳಬೇಡ. ಒಂದು ಮೊಳೆ ಹೊಡೆ, ಇದನ್ನು ಕಟ್ಟು, ಏಪ್ರನ್ ಹಾಕು. ನಿನ್ನ ಅಳತೆಯ ಏಪ್ರನ್.

ಸೋಮವಾರ ಬೆಳಗಿನ ಬಸ್ಸಿನಲ್ಲಿ ಬರುತ್ತೇನೆ. ನೇರ ವಾರ್ಡಿಗೆ ಹೋಗುವವಳಲ್ಲ, ಮೊದಲು ನಿಮ್ಮ ಆ ಗೋಡೆ ನೋಡುತ್ತೇನೆ. ಮೊಳೆ ಇಲ್ಲದಿದ್ದರೆ ಪಿತ್ತಕೋಶವನ್ನು ವಾಪಸ್ ಊರಿಗೆ ಕರೆದುಕೊಂಡು ಬರುತ್ತೇನೆ. ನಿಮ್ಮ ದೊಡ್ಡ ಡಾಕ್ಟರಿಗೂ ಹೇಳಿಡು: ಸಹಿ ಹಾಕುವವಳು ನಾನು.

ಅಕ್ಕ